ಆತ್ಮರಕ್ಷಣಾ ತರಬೇತಿ: ಕೆಲಗೇರಿ ಹಾಗೂ ಧಾರವಾಡ ಪರಿಸರದ ನಾಗರಿಕರಿಗೆ ಮಾಹಿತಿ

1. ಪೀಠಿಕೆ

ಕೆಲಗೇರಿಯು ಧಾರವಾಡ ನಗರದ ಪಶ್ಚಿಮ ಅಂಚಿನಲ್ಲಿ, ಗೋವಾ ರಸ್ತೆಗೆ ಹೊಂದಿಕೊಂಡಿರುವ ಬಡಾವಣೆಯಾಗಿದೆ. ಕೆರೆಯ ದಂಡೆಯ ಮೇಲೆ ಬೆಳಗಿನ ಹಾಗೂ ಸಂಜೆಯ ವೇಳೆ ವಾಯುವಿಹಾರಕ್ಕೆ ಬರುವವರು, ಶಾಲಾ-ಕಾಲೇಜುಗಳಿಗೆ ಹೋಗಿಬರುವ ವಿದ್ಯಾರ್ಥಿನಿಯರು, ಕತ್ತಲಾದ ನಂತರ ಕೆಲಸದಿಂದ ಹಿಂದಿರುಗುವ ಮಹಿಳೆಯರು ಹಾಗೂ ಒಂಟಿಯಾಗಿ ವಾಸಿಸುವ ಹಿರಿಯ ನಾಗರಿಕರು ಆತ್ಮರಕ್ಷಣೆಯ ಕುರಿತು ಮಾಹಿತಿಯನ್ನು ಅಪೇಕ್ಷಿಸುವುದು ಸಹಜವಾಗಿದೆ. ತರಬೇತಿಯನ್ನು ಎಲ್ಲಿ ಪಡೆಯಬಹುದು, ಉತ್ತಮ ತರಬೇತಿಯ ಲಕ್ಷಣಗಳೇನು, ಕಾನೂನು ಎಷ್ಟರ ಮಟ್ಟಿಗೆ ರಕ್ಷಣೆ ನೀಡುತ್ತದೆ ಹಾಗೂ ಘಟನೆಯ ನಂತರ ಏನು ಮಾಡಬೇಕು ಎಂಬ ವಿವರಗಳನ್ನು ಈ ಪುಟದಲ್ಲಿ ನೀಡಲಾಗಿದೆ.

ಆತ್ಮರಕ್ಷಣೆಯ ಉದ್ದೇಶವು ಎದುರಾಳಿಯನ್ನು ಸೋಲಿಸುವುದಲ್ಲ. ಸುರಕ್ಷಿತವಾಗಿ ಮನೆ ತಲುಪುವುದು. ಮುಂದಿನ ಎಲ್ಲ ಸೂಚನೆಗಳನ್ನು ಈ ಒಂದು ಮಾತಿನ ಹಿನ್ನೆಲೆಯಲ್ಲಿಯೇ ಓದಿಕೊಳ್ಳತಕ್ಕದ್ದು.

2. ಕ್ರೀಡೆಗೂ ಆತ್ಮರಕ್ಷಣೆಗೂ ಇರುವ ವ್ಯತ್ಯಾಸ

ಕನ್ನಡ ನಾಡಿನಲ್ಲಿ ಅಂಗಸಾಧನೆಯ ಪರಂಪರೆ ಪ್ರಾಚೀನವಾದುದು. ಕಲ್ಯಾಣದ ಚಾಲುಕ್ಯ ಅರಸು 3ನೇ ಸೋಮೇಶ್ವರನು 12ನೇ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲರ ಅಭ್ಯಾಸ ಹಾಗೂ ಕಾಳಗದ ವಿವರಗಳಿವೆ. ಉತ್ತರ ಕರ್ನಾಟಕದ ಊರುಗಳಲ್ಲಿ ಗರಡಿ ಮನೆಗಳು ಹಾಗೂ ಜಾತ್ರೆಯ ಕುಸ್ತಿ ಕಣಗಳು ಇಂದಿಗೂ ಉಳಿದುಬಂದಿವೆ. ಜಪಾನಿನ ಜೂಡೋ ಮತ್ತು ಕರಾಟೆ, ಕೊರಿಯಾದ ಟೇಕ್ವಾಂಡೋ ಕಲೆಗಳೂ ನಗರಗಳಲ್ಲಿ ಬಳಕೆಗೆ ಬಂದಿವೆ.

ಈ ಎಲ್ಲ ಕಲೆಗಳಿಂದ ದೇಹಕ್ಕೆ ಬಲ, ಮನಸ್ಸಿಗೆ ಧೈರ್ಯ ಬರುತ್ತದೆ. ಕುಸ್ತಿಯಿಂದ ಹಿಡಿತದಿಂದ ಬಿಡಿಸಿಕೊಳ್ಳುವುದನ್ನು ಮತ್ತು ಕೆಳಗೆ ಬಿದ್ದಾಗ ಮೇಲೇಳುವುದನ್ನು ಕಲಿಯಬಹುದು. ಜೂಡೋದಿಂದ ಪೆಟ್ಟಾಗದಂತೆ ಬೀಳುವುದನ್ನು ಹಾಗೂ ಬಾಕ್ಸಿಂಗ್‌ನಿಂದ ಅಂತರ ಕಾಯ್ದುಕೊಳ್ಳುವುದನ್ನು ಅರಿಯಬಹುದು. ಆದರೆ ಕಣದಲ್ಲಿ ಸಮಾನ ತೂಕದ ಒಬ್ಬನೇ ಎದುರಾಳಿ, ತೀರ್ಪುಗಾರ, ಮೆತ್ತನೆಯ ನೆಲ ಮತ್ತು ನಿಗದಿತ ಸಮಯ ಇರುತ್ತವೆ. ರಸ್ತೆಯಲ್ಲಿ ಇವು ಯಾವುವೂ ಇರುವುದಿಲ್ಲ. ದಾಳಿಕೋರನು ಹಿಂದಿನಿಂದ ಬರಬಹುದು, ಇಬ್ಬರು ಇರಬಹುದು, ಕೈಯಲ್ಲಿ ಆಯುಧವಿರಬಹುದು. ಧಾರವಾಡದ ಮಳೆಗಾಲದ ಜಾರುವ ನೆಲದಲ್ಲಿ, ಸೀರೆ ಅಥವಾ ಚಪ್ಪಲಿ ಧರಿಸಿರುವಾಗ ತಲೆಯೆತ್ತರಕ್ಕೆ ಒದೆಯಲು ಹೋದವರು ತಾವೇ ಬೀಳುವ ಸಂಭವ ಹೆಚ್ಚು.

ಚಿತ್ರದುರ್ಗದ ಒನಕೆ ಓಬವ್ವಳ ವೃತ್ತಾಂತವನ್ನು ಈ ದೃಷ್ಟಿಯಿಂದ ಗಮನಿಸಬಹುದು. ಆಕೆ ಯಾವುದೇ ಗರಡಿಯಲ್ಲಿ ಕಲಿತವಳೆಂದು ಜನಪದವು ಹೇಳುವುದಿಲ್ಲ. ಅಪಾಯವನ್ನು ಬೇಗ ಗುರುತಿಸಿದಳು, ಒಬ್ಬೊಬ್ಬರೇ ನುಸುಳಬೇಕಾದ ಕಿಂಡಿಯ ಬಳಿ ನಿಂತಳು, ನಿತ್ಯವೂ ಕೈಯಲ್ಲಿ ಹಿಡಿಯುತ್ತಿದ್ದ ಒನಕೆಯನ್ನೇ ಬಳಸಿದಳು. ಗಮನ, ಸ್ಥಳದ ಅರಿವು ಮತ್ತು ಕೈಗೆ ರೂಢಿಯಾದ ಸರಳ ಉಪಾಯ ಎಂಬ ಈ ಮೂರೂ ಇಂದಿನ ಆತ್ಮರಕ್ಷಣಾ ತರಬೇತಿಯ ತಳಹದಿಯಾಗಿವೆ.

3. ಅಪಾಯವು ಎಲ್ಲಿಂದ ಬರುತ್ತದೆ

ಆತ್ಮರಕ್ಷಣೆ ಎಂದೊಡನೆ ನಿರ್ಜನ ರಸ್ತೆಯ ಅಪರಿಚಿತ ವ್ಯಕ್ತಿಯ ಚಿತ್ರ ಮೂಡುವುದು ಸಾಮಾನ್ಯ. ವಾಸ್ತವವು ಭಿನ್ನವಾಗಿದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಹಲವು ವರ್ಷಗಳ ವರದಿಗಳ ಪ್ರಕಾರ, ದಾಖಲಾದ ಅತ್ಯಾಚಾರ ಪ್ರಕರಣಗಳ 10ರಲ್ಲಿ 9ಕ್ಕೂ ಹೆಚ್ಚು ಪ್ರಕರಣಗಳಲ್ಲಿ ಆರೋಪಿಯು ಸಂತ್ರಸ್ತೆಗೆ ಪರಿಚಿತನಾಗಿರುತ್ತಾನೆ. 2024ರ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಹುಬ್ಬಳ್ಳಿಯಲ್ಲಿ ಇಬ್ಬರು ಯುವತಿಯರ ಹತ್ಯೆ ನಡೆಯಿತು. ಒಂದು ಕಾಲೇಜಿನ ಆವರಣದಲ್ಲಿ ಹಗಲು ಹೊತ್ತಿನಲ್ಲಿ, ಇನ್ನೊಂದು ಮನೆಯೊಳಗೆ. ಎರಡರಲ್ಲಿಯೂ ಬಳಕೆಯಾದದ್ದು ಚಾಕು. ಎರಡರಲ್ಲಿಯೂ ಆರೋಪಿಯು ಪರಿಚಿತನೇ.

ಚಾಕುವಿನ ಹಠಾತ್ ದಾಳಿಯ ಎದುರು ಕೆಲವು ವಾರಗಳ ತರಬೇತಿಯು ರಕ್ಷಣೆ ನೀಡುತ್ತದೆಂದು ಯಾರೂ ಭರವಸೆ ಕೊಡಲಾಗದು. ಆದ್ದರಿಂದ ಬೆದರಿಕೆ, ಹಿಂಬಾಲಿಸುವಿಕೆ, ಪದೇ ಪದೇ ಕರೆ ಅಥವಾ ಸಂದೇಶ, ನಿರಾಕರಿಸಿದ ನಂತರವೂ ಮುಂದುವರಿಯುವ ಒತ್ತಾಯ ಇವುಗಳನ್ನು ಆರಂಭದಲ್ಲಿಯೇ ಮನೆಯವರಿಗೆ ತಿಳಿಸಿ, ಲಿಖಿತ ದೂರು ನೀಡುವುದು ಆತ್ಮರಕ್ಷಣೆಯ ಮೊದಲ ಹೆಜ್ಜೆಯಾಗಿದೆ. ಹಿಂಬಾಲಿಸುವಿಕೆಯು ಭಾರತೀಯ ನ್ಯಾಯ ಸಂಹಿತೆ, 2023ರ ಕಲಂ 78ರ ಮೇರೆಗೆ ಅಪರಾಧವಾಗಿದ್ದು, ಮೊದಲ ಅಪರಾಧಕ್ಕೆ 3 ವರ್ಷಗಳವರೆಗೆ, ಪುನರಾವರ್ತನೆಗೆ 5 ವರ್ಷಗಳವರೆಗೆ ಕಾರಾವಾಸವನ್ನು ವಿಧಿಸಬಹುದಾಗಿದೆ. ಸಂದೇಶಗಳನ್ನು ಅಳಿಸದೆ, ದಿನಾಂಕ ಮತ್ತು ಸಮಯ ಕಾಣುವಂತೆ ಉಳಿಸಿಕೊಳ್ಳತಕ್ಕದ್ದು.

4. ಉತ್ತಮ ತರಬೇತಿಯಲ್ಲಿ ಏನಿರಬೇಕು

ಕೆನಡಾದ 3 ವಿಶ್ವವಿದ್ಯಾಲಯಗಳಲ್ಲಿ 893 ವಿದ್ಯಾರ್ಥಿನಿಯರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ವಿಷಯದಲ್ಲಿ ಗಮನಾರ್ಹವಾಗಿದೆ. ತಲಾ 3 ಗಂಟೆಗಳ 4 ಪಾಠಗಳನ್ನು ಪಡೆದ ಗುಂಪಿನಲ್ಲಿ ಒಂದು ವರ್ಷದ ಅವಧಿಯ ಅತ್ಯಾಚಾರದ ಪ್ರಮಾಣ ಶೇಕಡಾ 5.2 ಆಗಿದ್ದು, ಕೇವಲ ಕರಪತ್ರಗಳನ್ನು ಪಡೆದ ಗುಂಪಿನಲ್ಲಿ ಅದು ಶೇಕಡಾ 9.8 ಆಗಿತ್ತು. ಆ ಪಾಠಗಳಲ್ಲಿ ದೈಹಿಕ ಪಟ್ಟುಗಳು ಒಂದು ಭಾಗ ಮಾತ್ರ. ಪರಿಚಿತರಿಂದ ಬರುವ ಅಪಾಯವನ್ನು ಗುರುತಿಸುವುದು ಮತ್ತು ಸಂಕೋಚವನ್ನು ಬಿಟ್ಟು ದೃಢವಾಗಿ ನಿರಾಕರಿಸುವುದು ಉಳಿದ ಪ್ರಮುಖ ಭಾಗವಾಗಿತ್ತು.

ತರಬೇತಿಗೆ ಸೇರುವ ಮುನ್ನ ಈ ಕೆಳಕಂಡ ಅಂಶಗಳು ಪಾಠಕ್ರಮದಲ್ಲಿ ಇವೆಯೇ ಎಂದು ವಿಚಾರಿಸುವುದು ಸೂಕ್ತ:

ಅ) ಗಮನ ಮತ್ತು ಅಂತರ: ಸುತ್ತಮುತ್ತ ಗಮನಿಸುವುದು, ಅಪರಿಚಿತರೊಂದಿಗೆ ಎರಡು ತೋಳಿನಷ್ಟು ಅಂತರ ಕಾಯ್ದುಕೊಳ್ಳುವುದು, ಹೊರಹೋಗುವ ದಾರಿಯನ್ನು ಮೊದಲೇ ನೋಡಿಕೊಳ್ಳುವುದು.

ಆ) ಧ್ವನಿ: ಅಂಗೈಗಳನ್ನು ಎದೆಯ ಮುಂದೆ ತೆರೆದು ಹಿಡಿದು, "ದೂರ ನಿಲ್ಲಿ" ಎಂದು ಗಟ್ಟಿಯಾಗಿ ಹೇಳುವುದು. ಇದನ್ನು ನಿಜವಾಗಿ ಕೂಗಿಯೇ ಅಭ್ಯಾಸ ಮಾಡಬೇಕು. ಅಭ್ಯಾಸವಿಲ್ಲದ ಗಂಟಲು ಭಯದಲ್ಲಿ ಕಟ್ಟಿಕೊಳ್ಳುತ್ತದೆ.

ಇ) ಕೆಲವೇ ಸರಳ ಪಟ್ಟುಗಳು: ಅಂಗೈಯ ಬುಡದಿಂದ ಹೊಡೆತ, ಮೊಣಕೈ, ಮೊಣಕಾಲು ಮತ್ತು ಪಾದ ತುಳಿತ. ಭಯದ ಸಮಯದಲ್ಲಿ ಬೆರಳುಗಳ ಸೂಕ್ಷ್ಮ ಚಲನೆ ತಪ್ಪುತ್ತದೆ. ಆದ್ದರಿಂದ 40 ಪಟ್ಟುಗಳ ಪರಿಚಯಕ್ಕಿಂತ 4 ಪಟ್ಟುಗಳ ರೂಢಿ ಹೆಚ್ಚು ಉಪಯುಕ್ತ.

ಈ) ಪ್ರತಿರೋಧವಿರುವ ಅಭ್ಯಾಸ: ಜೊತೆಗಾರರು ಸುಮ್ಮನೆ ನಿಂತು ಸಹಕರಿಸಿದರೆ ಎಲ್ಲ ಪಟ್ಟುಗಳೂ ಸುಲಭವೆನಿಸುತ್ತವೆ. ರಕ್ಷಣಾ ಕವಚಗಳೊಂದಿಗೆ, ಹಂತ ಹಂತವಾಗಿ ಬಲವನ್ನು ಹೆಚ್ಚಿಸುತ್ತ ಅಭ್ಯಾಸ ಮಾಡಿಸಬೇಕು.

ಉ) ಪಲಾಯನ: ಪ್ರತಿಯೊಂದು ಅಭ್ಯಾಸವೂ ಬಿಡಿಸಿಕೊಂಡು ಓಡುವುದರಲ್ಲಿ ಮುಕ್ತಾಯವಾಗಬೇಕು.

5. ಕೆಲವು ಸಂದರ್ಭಗಳು

ಮಣಿಕಟ್ಟನ್ನು ಹಿಡಿದಾಗ: ಹಿಡಿದವನ ಹೆಬ್ಬೆರಳು ಮತ್ತು ಉಳಿದ ಬೆರಳುಗಳು ಸೇರುವ ಜಾಗವೇ ಹಿಡಿತದ ದುರ್ಬಲ ಭಾಗ. ಆ ದಿಕ್ಕಿಗೆ ಕೈಯನ್ನು ತಿರುಗಿಸಿ, ಮೈಯ ಭಾರವನ್ನೂ ಸೇರಿಸಿ ಎಳೆದುಕೊಳ್ಳಬೇಕು. ಕೈಯನ್ನು ನೇರವಾಗಿ ಹಿಂದಕ್ಕೆ ಜಗ್ಗಿದರೆ ಬಲವುಳ್ಳವರೇ ಗೆಲ್ಲುತ್ತಾರೆ.

ಕುತ್ತಿಗೆಯನ್ನು ಒತ್ತಿದಾಗ: ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪಬಹುದು. ಗಲ್ಲವನ್ನು ಎದೆಗೆ ಒತ್ತಿ, ಎರಡೂ ಕೈಗಳಿಂದ ಒಂದು ಹೆಬ್ಬೆರಳನ್ನು ಕಿತ್ತು, ಮೈಯನ್ನು ಒಂದು ಪಕ್ಕಕ್ಕೆ ತಿರುಗಿಸಬೇಕು. ಕುತ್ತಿಗೆ ಒತ್ತಿಸಿಕೊಂಡವರು ಹೊರಗೆ ಗುರುತು ಕಾಣದಿದ್ದರೂ ಅದೇ ದಿನ ವೈದ್ಯರಿಂದ ತಪಾಸಣೆ ಮಾಡಿಸಿಕೊಳ್ಳತಕ್ಕದ್ದು. ಒಳಗಿನ ಊತ ಅಥವಾ ರಕ್ತನಾಳದ ಗಾಯವು ಗಂಟೆಗಳ ನಂತರ ಅಪಾಯ ತರಬಲ್ಲದು.

ಸರಗಳ್ಳತನ: ದ್ವಿಚಕ್ರ ವಾಹನದಲ್ಲಿ ಬಂದು ಸರ ಕಸಿಯುವ ಘಟನೆಗಳಲ್ಲಿ ಸರವನ್ನು ಹಿಡಿದುಕೊಂಡು ಜಗ್ಗಾಡಿದರೆ ಕುತ್ತಿಗೆಗೆ ಗಾಯವಾಗಿ, ರಸ್ತೆಗೆ ಬೀಳುವ ಅಪಾಯವಿದೆ. ಪಾದಚಾರಿ ಮಾರ್ಗವಿಲ್ಲದ ಕಡೆ ರಸ್ತೆಯ ಬಲಬದಿಯಲ್ಲಿ, ಎದುರಿನಿಂದ ಬರುವ ವಾಹನಗಳು ಕಾಣುವಂತೆ ನಡೆಯುವುದು, ವಾಹನದ ಸಂಖ್ಯೆ ಮತ್ತು ಬಣ್ಣವನ್ನು ಗಮನಿಸಿ ಕೂಡಲೇ 112ಕ್ಕೆ ತಿಳಿಸುವುದು ಉತ್ತಮ. ಕಸಿಯುವಿಕೆಯನ್ನು ಭಾರತೀಯ ನ್ಯಾಯ ಸಂಹಿತೆಯ ಕಲಂ 304ರಲ್ಲಿ ಪ್ರತ್ಯೇಕ ಅಪರಾಧವೆಂದು ಪರಿಗಣಿಸಲಾಗಿದೆ.

ಚಾಕು ತೋರಿಸಿದಾಗ: ಹಣ, ಮೊಬೈಲ್ ಅಥವಾ ಆಭರಣ ಕೇಳಿದರೆ ಕೊಟ್ಟುಬಿಡುವುದೇ ಸರಿ. ವಸ್ತುವನ್ನು ಒಂದು ಪಕ್ಕಕ್ಕೆ ಎಸೆದು ಇನ್ನೊಂದು ಪಕ್ಕಕ್ಕೆ ಓಡಬಹುದು. ಓಡಲು ದಾರಿಯಿಲ್ಲದಿದ್ದರೆ ಚೀಲ, ಕುರ್ಚಿ, ಕೊಡೆ ಅಥವಾ ವಾಹನವನ್ನು ನಡುವೆ ತಡೆಯಾಗಿ ಇಟ್ಟುಕೊಳ್ಳಬೇಕು. ಚಲನಚಿತ್ರಗಳಲ್ಲಿ ಕಾಣುವಂತೆ ಬರಿಗೈಯಿಂದ ಚಾಕು ಕಸಿಯುವುದನ್ನು ಸುಲಭವೆಂದು ಕಲಿಸುವ ತರಬೇತಿಯನ್ನು ನಂಬಬಾರದು.

ದೇಹ ಸ್ತಬ್ಧವಾದಾಗ: ಭಯದಲ್ಲಿ ಕೈಕಾಲು ಆಡದಂತಾಗುವುದು ಸಹಜ ಶಾರೀರಿಕ ಪ್ರತಿಕ್ರಿಯೆ, ಅದು ಹೇಡಿತನವೂ ಅಲ್ಲ, ಸಮ್ಮತಿಯೂ ಅಲ್ಲ. ದೈಹಿಕವಾಗಿ ಪ್ರತಿರೋಧಿಸಲಿಲ್ಲ ಎಂಬ ಒಂದೇ ಕಾರಣದಿಂದ ಮಹಿಳೆಯು ಸಮ್ಮತಿಸಿದ್ದಾಳೆಂದು ಭಾವಿಸತಕ್ಕದ್ದಲ್ಲವೆಂದು ಸಂಹಿತೆಯ ಕಲಂ 63ರಲ್ಲಿಯೇ ಸ್ಪಷ್ಟಪಡಿಸಲಾಗಿದೆ. ತರಬೇತಿ ಪಡೆದಿದ್ದೂ ಏಕೆ ಹೋರಾಡಲಿಲ್ಲ ಎಂದು ಕುಟುಂಬದವರಾಗಲಿ, ಶಿಕ್ಷಕರಾಗಲಿ ಪ್ರಶ್ನಿಸಬಾರದು.

6. ಕಾನೂನು ನೀಡುವ ಹಕ್ಕು ಮತ್ತು ಅದರ ಮಿತಿ

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ಕಲಂ 34ರಿಂದ 44ರವರೆಗೆ ಖಾಸಗಿ ರಕ್ಷಣೆಯ ಹಕ್ಕನ್ನು ವಿವರಿಸಲಾಗಿದೆ. ಹಿಂದಿನ ಭಾರತೀಯ ದಂಡ ಸಂಹಿತೆಯಲ್ಲಿ ಇವು ಕಲಂ 96ರಿಂದ 106ರವರೆಗೆ ಇದ್ದವು. ಇದರ ಸಾರಾಂಶ ಈ ಕೆಳಕಂಡಂತಿದೆ:

ಅ) ತನ್ನ ಹಾಗೂ ಇತರ ಯಾವುದೇ ವ್ಯಕ್ತಿಯ ದೇಹವನ್ನು ರಕ್ಷಿಸಿಕೊಳ್ಳುವ ಹಕ್ಕು ಪ್ರತಿಯೊಬ್ಬರಿಗೂ ಇದೆ.

ಆ) ರಕ್ಷಣೆಗೆ ಅಗತ್ಯವಾದುದಕ್ಕಿಂತ ಹೆಚ್ಚಿನ ಹಾನಿಯನ್ನು ಮಾಡುವಂತಿಲ್ಲ. ಪೊಲೀಸರ ನೆರವನ್ನು ಪಡೆಯಲು ಸಾಕಷ್ಟು ಸಮಯವಿದ್ದಾಗ ಈ ಹಕ್ಕು ಲಭ್ಯವಿಲ್ಲ.

ಇ) ಅಪಾಯದ ಯುಕ್ತ ಭಯ ಉಂಟಾದ ಕ್ಷಣದಿಂದ ಹಕ್ಕು ಆರಂಭವಾಗುತ್ತದೆ; ಆ ಭಯ ಇರುವವರೆಗೆ ಮಾತ್ರ ಮುಂದುವರಿಯುತ್ತದೆ. ಓಡಿಹೋಗುತ್ತಿರುವವನನ್ನು ಬೆನ್ನಟ್ಟಿ ಹೊಡೆಯುವುದು ರಕ್ಷಣೆಯಲ್ಲ.

ಈ) ಸಾವು ಅಥವಾ ತೀವ್ರ ಗಾಯದ ಯುಕ್ತ ಭಯವಿರುವ ದಾಳಿ, ಅತ್ಯಾಚಾರದ ಉದ್ದೇಶದ ದಾಳಿ, ಅಪಹರಣದ ಉದ್ದೇಶದ ದಾಳಿ, ಆಸಿಡ್ ಎರಚುವಿಕೆ ಮುಂತಾದ ಕಲಂ 38ರ ಸಂದರ್ಭಗಳಲ್ಲಿ ಈ ಹಕ್ಕು ದಾಳಿಕೋರನ ಸಾವನ್ನು ಉಂಟುಮಾಡುವವರೆಗೂ ವಿಸ್ತರಿಸುತ್ತದೆ.

ಹಠಾತ್ ಅಪಾಯಕ್ಕೆ ಸಿಲುಕಿದ ವ್ಯಕ್ತಿಯು ತನ್ನ ಪ್ರತಿಕ್ರಿಯೆಯನ್ನು ಗಣಿತದ ನಿಖರತೆಯಿಂದ ಅಳೆದು ತೂಗಬೇಕೆಂದು ನಿರೀಕ್ಷಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ದರ್ಶನ್ ಸಿಂಗ್ ವಿರುದ್ಧ ಪಂಜಾಬ್ ರಾಜ್ಯ ಪ್ರಕರಣದಲ್ಲಿ ಅಭಿಪ್ರಾಯಪಟ್ಟಿದೆ. ಅದೇ ವೇಳೆ, ಮಿತಿಯನ್ನೂ ಅರಿತಿರಬೇಕು. ವಾಗ್ವಾದವೊಂದರಲ್ಲಿ ಪೆಪ್ಪರ್ ಸ್ಪ್ರೇ ಬಳಸಿದ ಪ್ರಕರಣದಲ್ಲಿ, ಜೀವಕ್ಕೆ ಸನ್ನಿಹಿತ ಅಪಾಯವು ಮೇಲ್ನೋಟಕ್ಕೆ ಕಾಣದಿರುವುದರಿಂದ ಖಾಸಗಿ ರಕ್ಷಣೆಯ ವಾದವನ್ನು ಒಪ್ಪಲಾಗದೆಂದು ಕರ್ನಾಟಕ ಉಚ್ಚ ನ್ಯಾಯಾಲಯವು 2024ರಲ್ಲಿ ತಿಳಿಸಿ, ತನಿಖೆಯನ್ನು ರದ್ದುಪಡಿಸಲು ನಿರಾಕರಿಸಿತು. ಚೀಲದಲ್ಲಿ ಸ್ಪ್ರೇ ಇಟ್ಟುಕೊಳ್ಳುವವರು ಜಗಳಕ್ಕೂ ದಾಳಿಗೂ ಇರುವ ವ್ಯತ್ಯಾಸವನ್ನು ನೆನಪಿಡತಕ್ಕದ್ದು.

7. ತರಬೇತಿಯನ್ನು ಪಡೆಯುವ ಮಾರ್ಗಗಳು

ಅ) ಸರ್ಕಾರಿ ಶಾಲೆಗಳ 6ರಿಂದ 12ನೇ ತರಗತಿಯ ವಿದ್ಯಾರ್ಥಿನಿಯರಿಗೆ ಸಮಗ್ರ ಶಿಕ್ಷಣ ಯೋಜನೆಯ ಅಡಿಯಲ್ಲಿ ರಾಣಿ ಲಕ್ಷ್ಮೀಬಾಯಿ ಆತ್ಮರಕ್ಷಣಾ ತರಬೇತಿಯನ್ನು 3 ತಿಂಗಳ ಅವಧಿಗೆ ನೀಡಲು ಅವಕಾಶವಿದೆ. ಕೀಲಿಗೊಂಚಲು, ದುಪಟ್ಟಾ, ಚೀಲ, ಲೇಖನಿಯಂತಹ ನಿತ್ಯದ ವಸ್ತುಗಳನ್ನು ರಕ್ಷಣೆಗೆ ಬಳಸುವುದನ್ನೂ ಇದರಲ್ಲಿ ಕಲಿಸಲಾಗುತ್ತದೆ. ಪಾಲಕರು ಮುಖ್ಯೋಪಾಧ್ಯಾಯರಲ್ಲಿ ಅಥವಾ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ವಿಚಾರಿಸಬಹುದು.

ಆ) ಸಮಾಜ ಕಲ್ಯಾಣ ಇಲಾಖೆಯ ವಿದ್ಯಾರ್ಥಿನಿಲಯಗಳು ಹಾಗೂ ವಸತಿ ಶಾಲೆಗಳ ವಿದ್ಯಾರ್ಥಿನಿಯರಿಗೆ ಒನಕೆ ಓಬವ್ವಳ ಹೆಸರಿನಲ್ಲಿ ಆತ್ಮರಕ್ಷಣಾ ಕಲೆಯ ತರಬೇತಿಯನ್ನು ರೂಪಿಸಲಾಗಿದೆ. ವಿವರಗಳಿಗೆ ನಿಲಯ ಪಾಲಕರನ್ನು ಸಂಪರ್ಕಿಸಬಹುದು.

ಇ) ಕುಸ್ತಿ, ಜೂಡೋ ಮುಂತಾದ ಕ್ರೀಡೆಗಳನ್ನು ಕಲಿಯಬಯಸುವವರು ಧಾರವಾಡದಲ್ಲಿರುವ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಸೌಲಭ್ಯ ಮತ್ತು ವಯೋಮಿತಿಯ ವಿವರ ಪಡೆಯಬಹುದು.

ಈ) ಬಡಾವಣೆಯ ನಿವಾಸಿಗಳ ಸಂಘ, ಸ್ತ್ರೀಶಕ್ತಿ ಗುಂಪು ಅಥವಾ ಕಾಲೇಜುಗಳು ಶಿಬಿರ ನಡೆಸಬಯಸಿದಲ್ಲಿ ಪೊಲೀಸ್ ಠಾಣೆಗೆ ಅಥವಾ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ಲಿಖಿತ ಮನವಿ ಸಲ್ಲಿಸಬಹುದು. ಮನವಿಯಲ್ಲಿ ಸ್ಥಳ, ದಿನಾಂಕ, ವೇಳೆ, ಭಾಗವಹಿಸುವವರ ಅಂದಾಜು ಸಂಖ್ಯೆ ಹಾಗೂ ವಯಸ್ಸು, ಸಂಘಟಕರ ಹೆಸರು ಮತ್ತು ವಿಳಾಸವನ್ನು ನಮೂದಿಸಿ, ಸ್ವೀಕೃತಿಯನ್ನು ಪಡೆದುಕೊಳ್ಳತಕ್ಕದ್ದು. ಕೆರೆಯ ದಂಡೆ, ಉದ್ಯಾನ ಅಥವಾ ಶಾಲಾ ಮೈದಾನದಲ್ಲಿ ನಡೆಸುವುದಾದರೆ ಆ ಸ್ಥಳದ ಹೊಣೆ ಹೊತ್ತ ಸಂಸ್ಥೆಯ ಅನುಮತಿಯೂ ಅಗತ್ಯ.

8. ಖಾಸಗಿ ತರಬೇತಿ ಕೇಂದ್ರವನ್ನು ಆಯ್ಕೆಮಾಡುವಾಗ

ತರಬೇತಿಯಲ್ಲಿ ದೈಹಿಕ ಸ್ಪರ್ಶ ಅನಿವಾರ್ಯ. ಆದ್ದರಿಂದ ತರಬೇತುದಾರರ ನಡತೆಯನ್ನು ಪರಿಶೀಲಿಸುವುದು ಅವರ ಬೆಲ್ಟಿನ ಬಣ್ಣವನ್ನು ವಿಚಾರಿಸುವುದಕ್ಕಿಂತ ಮುಖ್ಯವಾಗಿದೆ. ಲೈಂಗಿಕ ಅಪರಾಧಗಳಿಂದ ಮಕ್ಕಳ ಸಂರಕ್ಷಣಾ ನಿಯಮಗಳು, 2020ರ ಮೇರೆಗೆ ಮಕ್ಕಳೊಂದಿಗೆ ನಿಯತವಾಗಿ ಸಂಪರ್ಕ ಹೊಂದುವ ಶಾಲೆಗಳು ಮತ್ತು ಕ್ರೀಡಾ ಅಕಾಡೆಮಿಗಳು ಸೇರಿದಂತೆ ಎಲ್ಲ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಪೊಲೀಸ್ ಪರಿಶೀಲನೆಯನ್ನು ಕಾಲಕಾಲಕ್ಕೆ ಮಾಡಿಸಬೇಕು. ಈ ದಾಖಲೆಯನ್ನು ತೋರಿಸುವಂತೆ ಪಾಲಕರು ನಿಸ್ಸಂಕೋಚವಾಗಿ ಕೇಳಬಹುದು.

ತರಗತಿಯನ್ನು ಪಾಲಕರು ಕುಳಿತು ನೋಡಲು ಅವಕಾಶವಿರಬೇಕು. ವಿದ್ಯಾರ್ಥಿನಿಯರ ತಂಡದಲ್ಲಿ ಮಹಿಳಾ ತರಬೇತುದಾರರು ಅಥವಾ ಸಹಾಯಕಿಯರು ಇರುವುದು ಉತ್ತಮ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಮೆತ್ತೆಯ ನೆಲ ಹಾಗೂ ಬೇಡವೆಂದು ಹೇಳಿದ ಕೂಡಲೇ ಅಭ್ಯಾಸ ನಿಲ್ಲಿಸುವ ನಿಯಮ ಇರಬೇಕು. ಒಂದೇ ದಿನದಲ್ಲಿ ಯಾರನ್ನಾದರೂ ಎದುರಿಸುವ ಶಕ್ತಿ ಬರುತ್ತದೆಂಬ ಜಾಹೀರಾತುಗಳ ಬಗ್ಗೆ ಎಚ್ಚರಿಕೆ ವಹಿಸತಕ್ಕದ್ದು. ಹೃದ್ರೋಗ, ಮೂಳೆ ಸವೆತ ಮುಂತಾದ ತೊಂದರೆ ಇರುವವರು ಹಾಗೂ ಗರ್ಭಿಣಿಯರು ವೈದ್ಯರ ಸಲಹೆ ಪಡೆಯಬೇಕು.

9. ಘಟನೆಯ ನಂತರ

ಅ) ಮೊದಲು ಜನರಿರುವ, ಬೆಳಕಿರುವ ಸ್ಥಳವನ್ನು ತಲುಪಿ 112ಕ್ಕೆ ಕರೆ ಮಾಡಿ. ಸ್ಥಳವನ್ನು ಹೇಳುವಾಗ ಹತ್ತಿರದ ಬಸ್ ನಿಲ್ದಾಣ, ದೇವಸ್ಥಾನ ಅಥವಾ ಅಂಗಡಿಯ ಗುರುತು ನೀಡಿ.

ಆ) ಲೈಂಗಿಕ ದೌರ್ಜನ್ಯ ನಡೆದಿದ್ದಲ್ಲಿ ವೈದ್ಯಕೀಯ ತಪಾಸಣೆಗೆ ಮುನ್ನ ಸ್ನಾನ ಮಾಡದೆ, ಬಟ್ಟೆಗಳನ್ನು ತೊಳೆಯದೆ ಕಾಗದದ ಚೀಲದಲ್ಲಿ ಇಡಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ರ ಕಲಂ 397ರ ಮೇರೆಗೆ ಅತ್ಯಾಚಾರ ಹಾಗೂ ಆಸಿಡ್ ದಾಳಿಯ ಸಂತ್ರಸ್ತರಿಗೆ ಸರ್ಕಾರಿ ಹಾಗೂ ಖಾಸಗಿ ಆಸ್ಪತ್ರೆಗಳೆಲ್ಲವೂ ಕೂಡಲೇ ಉಚಿತ ಚಿಕಿತ್ಸೆ ನೀಡಬೇಕು. ಧಾರವಾಡದ ಜಿಲ್ಲಾ ಆಸ್ಪತ್ರೆ ಮತ್ತು ಕಿಮ್ಸ್ ಎಂದು ಪರಿಚಿತವಾಗಿರುವ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಸಮೀಪದಲ್ಲಿವೆ.

ಇ) ಅದೇ ಸಂಹಿತೆಯ ಕಲಂ 173ರ ಮೇರೆಗೆ, ಘಟನೆ ಯಾವ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ಸಂಜ್ಞೇಯ ಅಪರಾಧದ ಮಾಹಿತಿಯನ್ನು ಯಾವುದೇ ಠಾಣೆಯಲ್ಲಿ ನೀಡಬಹುದು. ವಿದ್ಯುನ್ಮಾನ ಮಾಧ್ಯಮದ ಮೂಲಕ ನೀಡಿದರೆ 3 ದಿನಗಳೊಳಗೆ ಸಹಿ ಮಾಡಬೇಕು. ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ಉಚಿತವಾಗಿ ಪಡೆಯುವ ಹಕ್ಕಿದೆ.

ಈ) ಠಾಣೆಯಲ್ಲಿ ದೂರು ಸ್ವೀಕರಿಸದಿದ್ದಲ್ಲಿ ಅದರ ಸಾರಾಂಶವನ್ನು ಹಿರಿಯ ಪೊಲೀಸ್ ಅಧಿಕಾರಿಗೆ ಲಿಖಿತವಾಗಿ ಕಳುಹಿಸಬಹುದು. ಅವಳಿ ನಗರದ ನಾಗರಿಕರು ನವನಗರದಲ್ಲಿರುವ ಪೊಲೀಸ್ ಆಯುಕ್ತರ ಕಚೇರಿಯನ್ನು ಸಂಪರ್ಕಿಸಬಹುದು. ಅಲ್ಲಿಯೂ ಪರಿಹಾರ ದೊರೆಯದಿದ್ದಲ್ಲಿ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಸಲ್ಲಿಸಲು ಅವಕಾಶವಿದೆ.

ಉ) ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಹಾಗೂ ಅಂಗವಿಕಲ ವ್ಯಕ್ತಿಗಳು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ಇದಕ್ಕಾಗಿ ಹಾಗೂ ಸಂತ್ರಸ್ತರ ಪರಿಹಾರಕ್ಕಾಗಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದು.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಹಿರಿಯ ನಾಗರಿಕರು ಮತ್ತು ಅಂಗವಿಕಲರು ಕಲಿಯಬಹುದೇ?
ಉತ್ತರ: ಕಲಿಯಬಹುದು. ಧ್ವನಿ, ಅಂತರ, ಊರುಗೋಲಿನ ಬಳಕೆ, ಬೀಳದಂತೆ ನಿಲ್ಲುವ ಭಂಗಿ ಇವುಗಳಿಗೆ ಹೆಚ್ಚಿನ ಬಲ ಬೇಕಿಲ್ಲ.

ಪ್ರಶ್ನೆ: ಗಂಡುಮಕ್ಕಳಿಗೆ ಈ ತರಬೇತಿ ಅಗತ್ಯವೇ?
ಉತ್ತರ: ಅಗತ್ಯ. ಮಕ್ಕಳ ಸಂರಕ್ಷಣೆಯ 2012ರ ಅಧಿನಿಯಮವು ಗಂಡು-ಹೆಣ್ಣು ಮಕ್ಕಳಿಬ್ಬರಿಗೂ ಅನ್ವಯಿಸುತ್ತದೆ. ನಿರಾಕರಣೆಯನ್ನು ಗೌರವಿಸುವುದನ್ನೂ ಹುಡುಗರಿಗೆ ಇಲ್ಲಿಯೇ ಕಲಿಸಬೇಕು.

ಪ್ರಶ್ನೆ: ಮನೆಯೊಳಗೇ ಹಿಂಸೆ ನಡೆಯುತ್ತಿದ್ದರೆ ಪಟ್ಟುಗಳು ನೆರವಾಗುವವೇ?
ಉತ್ತರ: ಅವುಗಳಿಗಿಂತ ಹೊರಬರುವ ಸಿದ್ಧತೆ ಮುಖ್ಯ. ದಾಖಲೆಪತ್ರಗಳು, ಸ್ವಲ್ಪ ಹಣ ಮತ್ತು ನಂಬಿಕೆಯ ನೆರೆಯವರ ದೂರವಾಣಿ ಸಂಖ್ಯೆಯನ್ನು ಸಿದ್ಧವಾಗಿಟ್ಟುಕೊಳ್ಳಿ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಅಧಿನಿಯಮ, 2005ರ ಅಡಿಯಲ್ಲಿ ಸಂರಕ್ಷಣಾಧಿಕಾರಿಗೆ ದೂರು ನೀಡಬಹುದು. 181ಕ್ಕೆ ಕರೆ ಮಾಡಿದಲ್ಲಿ ಮಾರ್ಗದರ್ಶನ ದೊರೆಯುತ್ತದೆ.

11. ಸಹಾಯವಾಣಿಗಳು

ತುರ್ತು ಸ್ಪಂದನ: 112
ಮಹಿಳಾ ಸಹಾಯವಾಣಿ: 181
ಮಕ್ಕಳ ಸಹಾಯವಾಣಿ: 1098
ಸೈಬರ್ ವಂಚನೆ: 1930
ಉಚಿತ ಕಾನೂನು ನೆರವು: 15100

ಸೂಚನೆ: ಈ ಪುಟದಲ್ಲಿನ ಕಾನೂನಿನ ವಿವರಗಳು ಸಾಮಾನ್ಯ ತಿಳಿವಳಿಕೆಗಾಗಿ ನೀಡಲ್ಪಟ್ಟಿವೆ, ನಿರ್ದಿಷ್ಟ ಪ್ರಕರಣಗಳಲ್ಲಿ ವಕೀಲರ ಅಥವಾ ಕಾನೂನು ಸೇವೆಗಳ ಪ್ರಾಧಿಕಾರದ ಸಲಹೆ ಪಡೆಯತಕ್ಕದ್ದು. ಪಟ್ಟುಗಳನ್ನು ಕೇವಲ ಓದಿ ಕಲಿಯಲಾಗದು. ಅರ್ಹ ತರಬೇತುದಾರರ ಸಮ್ಮುಖದಲ್ಲಿಯೇ ಅಭ್ಯಾಸ ಮಾಡಬೇಕೆಂದು ಕೋರಲಾಗಿದೆ.